ಬಳ್ಳಾರಿ ಸೀಮೆಯ ಬೂದಿಗುಡ್ಡಗಳು ಮಳೆಯ ಬಗ್ಗೆ ಏನು ಹೇಳುತ್ತವೆ?

(ಇತ್ತೀಚೆಗೆ ಕಾಲೇಜೊಂದರಲ್ಲಿ ಆಡಿದ ಮಾತುಗಳಿವು. ಬರೆದು ಕೊಡಿ ಅಂತ ಕೆಲವರು ಕೇಳಿದ್ದರಿಂದ ಬರೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇತಿಹಾಸದ ಮಾತು ಆಮೇಲೆ. ಮೊದಲು ಮಳೆಯಿಂದ ಶುರು ಮಾಡೋಣ. ಬಳ್ಳಾರಿ, ರಾಯಚೂರು, ಕೊಪ್ಪಳ ಈ ಕಡೆ ವರ್ಷಕ್ಕೆ ಬೀಳುವ ಮಳೆ ಸರಾಸರಿ 500ರಿಂದ 650 ಮಿಲಿಮೀಟರ್. ಇದೇ ರಾಜ್ಯದ ಆಗುಂಬೆಯಲ್ಲಿ 7000 ಮಿಲಿಮೀಟರ್ ದಾಟುತ್ತದೆ. ಅರಬ್ಬೀ ಸಮುದ್ರದಿಂದ ಬರುವ ಮೋಡಗಳು ಪಶ್ಚಿಮ ಘಟ್ಟ ಹತ್ತುವಾಗಲೇ ಇದ್ದಬದ್ದ ನೀರನ್ನೆಲ್ಲ ಸುರಿದುಬಿಡುತ್ತವೆ. ಈ ಕಡೆಗೆ ಬರುವುದು ಹೆಚ್ಚಾಗಿ ಗಾಳಿ ಮಾತ್ರ. ಅದಕ್ಕೇ ಇದು ಮಳೆನೆರಳಿನ ನಾಡು. ಜೂನ್, ಜುಲೈಯಲ್ಲಿ ಮಲೆನಾಡು ತೊಯ್ದು ತೊಪ್ಪೆಯಾಗಿರುವಾಗ ಇಲ್ಲಿ ಗಾಳಿ ಬೀಸುತ್ತಿರುತ್ತದೆ, ಅಷ್ಟೇ. ಬಳ್ಳಾರಿಯಲ್ಲಿ ಜಾಸ್ತಿ ಮಳೆ ಬೀಳುವ ತಿಂಗಳು ಸೆಪ್ಟೆಂಬರ್.

ಸರಾಸರಿ ಅನ್ನೋದು ಇಲ್ಲಿ ಸ್ವಲ್ಪ ದಾರಿ ತಪ್ಪಿಸುವ ಲೆಕ್ಕ. ಒಂದು ವರ್ಷ ಹಳ್ಳಗಳು ದಡ ಮೀರಿ ಹರಿಯುತ್ತವೆ, ಮುಂದಿನ ಎರಡು ವರ್ಷ ಬಿತ್ತಿದ ಬೀಜ ಮೇಲೆ ಬರುವುದಿಲ್ಲ. ಒಂದೇ ವರ್ಷದಲ್ಲೂ ಪಕ್ಕದ ಊರಿಗೆ ಬಂದ ಮಳೆ ನಮ್ಮೂರಿಗೆ ಬರುವುದಿಲ್ಲ. ಇಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಈ ನಾಡಿನ ಕಷ್ಟ ಮಳೆ ಕಡಿಮೆ ಅನ್ನೋದಕ್ಕಿಂತ, ಮಳೆ ಯಾವಾಗ ಎಲ್ಲಿ ಬೀಳುತ್ತದೆ ಅಂತ ಗೊತ್ತಾಗದಿರುವುದು.

ಇಂಥ ಜಾಗದಲ್ಲೇ ದಕ್ಷಿಣ ಭಾರತದ ಮೊದಲ ದನಗಾಹಿಗಳು, ಮೊದಲ ಬೇಸಾಯಗಾರರು ನೆಲೆ ನಿಂತರು. ಹಸಿರು ತುಂಬಿದ ಮಲೆನಾಡನ್ನೂ ಕರಾವಳಿಯನ್ನೂ ಬಿಟ್ಟು ಇಲ್ಲಿ ಯಾಕೆ? ಇವತ್ತು ನಾನು ಹೇಳಬೇಕೆಂದಿರುವುದು ಇದೊಂದೇ ವಿಷಯ. ಅವರು ಒಣ ನಾಡು ಅಂತ ಗೊತ್ತಿಲ್ಲದೆ ಬಂದು ಸಿಕ್ಕಿಹಾಕಿಕೊಂಡವರಲ್ಲ. ಈ ಒಣ ನಾಡೇ ಅವರಿಗೆ ಬೇಕಾಗಿತ್ತು ಅಂತ ನಾನು ನಂಬುತ್ತೇನೆ. ಇದಕ್ಕೆ ಸಾಕ್ಷಿ ಬೂದಿಗುಡ್ಡಗಳಲ್ಲಿದೆ.

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿ ಸಿಗುತ್ತದೆ. ಹೆಚ್ಚಿನವರಿಗೆ ಈಗ ಅದು ವಿದ್ಯುತ್ ಸ್ಥಾವರದ ಊರು. ಅಲ್ಲೇ ರಸ್ತೆಯ ಹತ್ತಿರ ಒಂದು ದೊಡ್ಡ ದಿಬ್ಬವಿದೆ. ದೂರದಿಂದ ಸಾಮಾನ್ಯ ಮಣ್ಣಿನ ದಿಬ್ಬದ ಹಾಗೇ ಕಾಣುತ್ತದೆ. ಹತ್ತಿರ ಹೋದರೆ ಮಣ್ಣಲ್ಲ, ಬೂದಿ. ಒಂದು ಕಡೆ ಬಿಳಿಚಿದ ಮೆತ್ತನೆ ಬೂದಿ, ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತದೆ. ಇನ್ನೊಂದು ಕಡೆ ಗಟ್ಟಿ ಕಿಟ್ಟ. ಆ ಕಿಟ್ಟದ ಚೂರು ಕೈಗೆತ್ತಿಕೊಂಡರೆ ನೋಡುವಷ್ಟು ತೂಕ ಇರುವುದಿಲ್ಲ. ಒಳಗೆಲ್ಲ ಗುಳ್ಳೆ ಗುಳ್ಳೆ. ಮುರಿದ ಕಡೆ ಗಾಜಿನ ಹೊಳಪು. ಕರಗಿ ಹರಿದು ಆಮೇಲೆ ಹೆಪ್ಪುಗಟ್ಟಿದ್ದು ಅಂತ ಕಣ್ಣಿಗೇ ಗೊತ್ತಾಗುತ್ತದೆ.

ಇಂಥವು ಬಳ್ಳಾರಿ, ರಾಯಚೂರು, ಯಾದಗಿರಿ, ಕೊಪ್ಪಳ ಮತ್ತು ಪಕ್ಕದ ಆಂಧ್ರ, ತೆಲಂಗಾಣ ಸೇರಿ ನೂರಕ್ಕೂ ಹೆಚ್ಚು ಸಿಕ್ಕಿವೆ. ಜನ ಇವುಗಳಿಗೆ ತಮ್ಮದೇ ಕಥೆ ಕಟ್ಟಿಕೊಂಡಿದ್ದಾರೆ. ಹಂಪಿ ಹತ್ತಿರ ನಿಂಬಾಪುರದ ಬೂದಿಗುಡ್ಡವನ್ನು ವಾಲಿಯನ್ನು ಸುಟ್ಟ ಜಾಗ ಅನ್ನುತ್ತಾರೆ. ಬೇರೆ ಕಡೆ ರಕ್ಕಸರ ಮೂಳೆ ಸುಟ್ಟ ಬೂದಿ ಅನ್ನುತ್ತಾರೆ. ಈ ಕಥೆಗಳನ್ನು ನಾನು ತಳ್ಳಿಹಾಕುವುದಿಲ್ಲ. ಇದು ಬೆಂಕಿಯಿಂದ ಆದದ್ದು, ತುಂಬಾ ಹಳೆಯದು, ಮಾಮೂಲಿಯಾದದ್ದಲ್ಲ ಅನ್ನೋ ಮೂರು ವಿಷಯ ಊರಿನವರಿಗೆ ಮೊದಲೇ ಗೊತ್ತಿತ್ತು. 1830, 40ರ ದಶಕದಲ್ಲಿ ನ್ಯೂಬೋಲ್ಡ್ ಅನ್ನುವ ಸೇನಾಧಿಕಾರಿ ಇವುಗಳ ಬಗ್ಗೆ ಬರೆದ. ಆಮೇಲೆ ಒಬ್ಬೊಬ್ಬರದು ಒಂದೊಂದು ಊಹೆ. ಜ್ವಾಲಾಮುಖಿ ಅಂದರು, ಕಬ್ಬಿಣ ಕರಗಿಸಿದ ಕಿಟ್ಟ ಅಂದರು, ಸುಣ್ಣದ ಭಟ್ಟಿ ಅಂದರು, ಯುದ್ಧದಲ್ಲಿ ಸತ್ತವರ ಚಿತೆ ಅಂದರು.

ಸರಿಯಾದ ದಾರಿ ಹಿಡಿದವನು ರಾಬರ್ಟ್ ಬ್ರೂಸ್ ಫೂಟ್. ಭೂವಿಜ್ಞಾನ ಇಲಾಖೆಯವನು. 1863ರಲ್ಲಿ ಮದ್ರಾಸ್ ಹತ್ತಿರ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಕೈಗೊಡಲಿ ಗುರುತಿಸಿದವನು ಇವನೇ. ಬಳ್ಳಾರಿ ಸೀಮೆಯ ಬೆಟ್ಟಗಳನ್ನು ಸುತ್ತುವಾಗ ಬೂದಿಗುಡ್ಡಗಳ ಸುತ್ತಮುತ್ತ ನಯ ಮಾಡಿದ ಕಲ್ಲುಕೊಡಲಿಗಳು, ಮಡಕೆ ಚೂರುಗಳು ಸಿಗುತ್ತಿದ್ದವು. ಇದು ನವಶಿಲಾಯುಗದ ಜನ ಸಗಣಿ ಸುಟ್ಟ ಬೂದಿ ಅಂತ ಅವನು ಹೇಳಿದ. ಆಗ ಎಲ್ಲರೂ ಒಪ್ಪಲಿಲ್ಲ. ಖಚಿತವಾಗಲು 1960ರ ಸುಮಾರಿನವರೆಗೆ ಕಾಯಬೇಕಾಯಿತು. ಜಾಯ್ನರ್ ಅನ್ನುವ ವಿಜ್ಞಾನಿ ಬೂದಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ರಾಸಾಯನಿಕ ಪರೀಕ್ಷೆ ಮಾಡಿ, ಇದು ದನದ ಸಗಣಿಯೇ ಅಂತ ತೋರಿಸಿದರು.

ಸಗಣಿ ಗಾಜಾಗುವುದು ಹೇಗೆ? ಹುಲ್ಲು ಬೆಳೆಯುವಾಗ ನೆಲದ ಸಿಲಿಕಾವನ್ನು ಹೀರಿಕೊಂಡು ತನ್ನ ಜೀವಕೋಶಗಳಲ್ಲಿ ತುಂಬಿಕೊಳ್ಳುತ್ತದೆ. ಜೋಳದ ಎಲೆ, ಕಬ್ಬಿನ ಸೋಗೆ ಕೈ ಕೊಯ್ಯುತ್ತದಲ್ಲ, ಅದಕ್ಕೆ ಈ ಸಿಲಿಕಾವೂ ಒಂದು ಕಾರಣ. ದನ ಹುಲ್ಲು ತಿಂದರೂ ಸಿಲಿಕಾ ಜೀರ್ಣವಾಗುವುದಿಲ್ಲ, ಸಗಣಿಯಲ್ಲಿ ಹಾಗೇ ಹೊರಗೆ ಬರುತ್ತದೆ. ಸಗಣಿಯ ದೊಡ್ಡ ರಾಶಿಗೆ ಬೆಂಕಿ ಬಿದ್ದು, ಒಳಗೆ ಕಾವು ಕೂತು 1000 ಡಿಗ್ರಿ ದಾಟಿದರೆ, ಬೂದಿಯಲ್ಲಿರುವ ಕ್ಷಾರದ ಜೊತೆ ಸೇರಿ ಈ ಸಿಲಿಕಾ ಕರಗುತ್ತದೆ. ತಣ್ಣಗಾದಾಗ ಗಾಜಿನಂಥ ಕಿಟ್ಟ. ಕಾವು ಕಡಿಮೆಯಿದ್ದ ಕಡೆ ಮೆತ್ತನೆ ಬೂದಿ ಉಳಿಯುತ್ತದೆ. ಕರಗದೆ ಉಳಿದ ಆ ಸಿಲಿಕಾ ಕಣಗಳ ಆಕಾರ ನೋಡಿ ದನ ಯಾವ ಬಗೆಯ ಹುಲ್ಲು ಮೇಯ್ದಿತ್ತು ಅಂತ ಪತ್ತೆ ಮಾಡಬಹುದು. ಅಂದರೆ ಬೂದಿಯ ಒಂದೊಂದು ಪದರವೂ ಆ ಕಾಲದ ಬಯಲಿನ ಒಂದೊಂದು ತುಣುಕು.

ಇನ್ನೊಂದು ಸಾಕ್ಷಿ ಮನಸ್ಸಿಗೆ ಇನ್ನೂ ಹತ್ತಿರದ್ದು. 1957ರಲ್ಲಿ ಆಲ್ಚಿನ್ ಅನ್ನುವ ಪುರಾತತ್ವಜ್ಞರು ಉಟ್ನೂರಿನಲ್ಲಿ ಉತ್ಖನನ ಮಾಡಿದರು. ಅದು ಈಗ ತೆಲಂಗಾಣದಲ್ಲಿದೆ, ಕೃಷ್ಣೆಗೆ ಹತ್ತಿರ. ಬೂದಿಯ ಪದರ ಬಿಡಿಸುತ್ತಾ ಹೋದರೆ ಸುತ್ತಲೂ ಕಂಬ ನೆಟ್ಟ ಗುಂಡಿಗಳ ಸಾಲು. ದನದ ದೊಡ್ಡಿಯ ಬೇಲಿ ಅದು. ದೊಡ್ಡಿಯ ಒಳಗೆ ಬೂದಿಯ ಮೇಲೆ ದನದ ಗೊರಸಿನ ಗುರುತುಗಳು. ಬೆಂಕಿ ಆರಿದ ಮೇಲೆ ಮತ್ತೆ ಬೇಲಿ ಕಟ್ಟಿದ್ದಾರೆ, ಮತ್ತೆ ದನ ಕೂಡಿದ್ದಾರೆ, ದನ ತುಳಿದಿವೆ, ಅದರ ಮೇಲೆ ಹೊಸ ಸಗಣಿ ಬಿದ್ದಿದೆ, ಮತ್ತೆ ಸುಟ್ಟಿದ್ದಾರೆ. ಹೀಗೆ ಸಲ ಸಲವೂ. 4000 ವರ್ಷಕ್ಕೂ ಹಿಂದೆ ಒಂದು ದನ ನಡೆದ ಹೆಜ್ಜೆ ಉಳಿದಿದೆ ಅಂದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಯಾಕೆ ಸುಡುತ್ತಿದ್ದರು? ಆಲ್ಚಿನ್ ಇದನ್ನು ನಮ್ಮ ಹಬ್ಬಗಳ ಬೆಂಕಿಯ ಜೊತೆ ಇಟ್ಟು ನೋಡಿದರು. ಸಂಕ್ರಾಂತಿಗೆ ಕಿಚ್ಚು ಹಾಯಿಸುವುದು ಹಳೆ ಮೈಸೂರಿನ ಕಡೆಯವರಿಗೆ ಗೊತ್ತು. ದನ ಮೇವಿಗೆ ಹೊರಡುವಾಗಲೋ ವಾಪಸ್ ಬಂದಾಗಲೋ ಇಂಥದೇ ಆಚರಣೆ ಇತ್ತೇನೋ ಅನ್ನೋದು ಅವರ ವಾದ. ಉಣ್ಣೆ, ನೊಣ ಕಡಿಮೆಯಾಗಲಿ ಅಂತ ಸುಟ್ಟಿರಬಹುದು ಅಂತಲೂ ಯೋಚಿಸಬಹುದು. ಎರಡೂ ಇದ್ದಿರಬಹುದು. ನಮ್ಮ ಜನ ಹೊಲದ ಕೆಲಸವನ್ನೂ ದೇವರ ಕೆಲಸವನ್ನೂ ಬೇರೆ ಬೇರೆ ಇಟ್ಟವರಲ್ಲ. ನನಗೆ ಮುಖ್ಯವಾಗಿ ಕಾಣುವುದು ಇನ್ನೊಂದು: ಇಷ್ಟು ಸಗಣಿಯನ್ನು ಸುಟ್ಟು ಕಳೆದವರಿಗೆ ಹೊಲದ ಗೊಬ್ಬರದ ಚಿಂತೆ ಅಷ್ಟಾಗಿ ಇರಲಿಲ್ಲ. ಅವರ ಆಸ್ತಿ ದನ. ಬೇಸಾಯ ಪಕ್ಕದಲ್ಲಿ.

ಹಾಗಂತ ಸುಮ್ನೆ ಅಲೆಯುತ್ತಿದ್ದವರು ಅಂದುಕೊಳ್ಳಬೇಡಿ. ಪುರಾತತ್ವಜ್ಞ ಪದ್ದಯ್ಯನವರು 1989ರಿಂದ 1997ರವರೆಗೆ ಸುರಪುರ ಸೀಮೆಯ ಬೂದಿಹಾಳದಲ್ಲಿ ಅಗೆದರು. ಅಲ್ಲಿ ಬೂದಿಗುಡ್ಡದ ಮಗ್ಗುಲಲ್ಲೇ ಜನ ವಾಸವಿದ್ದ ಜಾಗ ಸಿಕ್ಕಿತು. ಕಲ್ಲಿನ ಅಲಗು ತಯಾರಿಸುತ್ತಿದ್ದ ಜಾಗ, ಪ್ರಾಣಿಗಳನ್ನು ಕಡಿದು ಹಂಚುತ್ತಿದ್ದ ಗಟ್ಟಿ ನೆಲ, ಮಕ್ಕಳನ್ನು ಹೂಳಿದ ಗುಣಿಗಳು, ಎಲ್ಲವೂ ಅಲ್ಲೇ. ಮಕ್ಕಳನ್ನು ಮನೆಯ ಹತ್ತಿರ ಹೂಳಿದ್ದಾರೆ ಅಂದರೆ ಅದು ಅವರ ಊರು. ವರ್ಷದ ಕೆಲವು ತಿಂಗಳು ಒಂದಷ್ಟು ಜನ ದನ ಹೊಡೆದುಕೊಂಡು ದೂರ ಹೋಗುತ್ತಿದ್ದಿರಬಹುದು. ಊರು ಮಾತ್ರ ಊರೇ.

ಅವರು ಏನು ತಿನ್ನುತ್ತಿದ್ದರು ಅನ್ನೋದು ನನಗೆ ಈ ವಿಷಯದಲ್ಲೇ ಅತಿ ಇಷ್ಟದ ಭಾಗ. ಅಗೆದ ಮಣ್ಣನ್ನು ನೀರು ತುಂಬಿದ ಬಕೆಟ್ಟಿಗೆ ಸುರಿದು ಮೆಲ್ಲಗೆ ಕದಡಬೇಕು. ಮಣ್ಣು ತಳಕ್ಕೆ ಹೋಗುತ್ತದೆ. ಸುಟ್ಟು ಇದ್ದಿಲಾದ ಕಾಳುಗಳು ಹಗುರ, ಮೇಲೆ ತೇಲುತ್ತವೆ. ಅವನ್ನು ಸಣ್ಣ ಜರಡಿಯಲ್ಲಿ ಹಿಡಿದು, ನೆರಳಲ್ಲಿ ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ಗುರುತಿಸಬೇಕು. ಡೋರಿಯನ್ ಫುಲ್ಲರ್, ರವಿ ಕೋರಿಶೆಟ್ಟರ್ ಮತ್ತು ಅವರ ಜೊತೆಗಾರರು ಬಳ್ಳಾರಿ ಹತ್ತಿರದ ಸಂಗನಕಲ್ಲು ಮೊದಲಾದ ಕಡೆ ಹೀಗೆ ಮಾಡಿದಾಗ ಮತ್ತೆ ಮತ್ತೆ ಸಿಕ್ಕಿದ್ದು ನಾಲ್ಕು: ಹುರುಳಿ, ಹೆಸರು, ಕೊರಲೆ ಅನ್ನುವ ಕಿರುಧಾನ್ಯ, ಮತ್ತೆ ನವಣೆಯ ಜಾತಿಯದೇ ಒಂದು ಹುಲ್ಲಿನ ಕಾಳು. ನಾಲ್ಕೂ ಮಳೆಗಾಲದ ಬೆಳೆಗಳು. ನಾಲ್ಕೂ ಈ ನೆಲದವು, ಹೊರಗಿನಿಂದ ಬಂದವಲ್ಲ. ಜೋಳ, ರಾಗಿ ಇಲ್ಲದ ಉತ್ತರ ಕರ್ನಾಟಕವನ್ನು ಊಹಿಸಿಕೊಳ್ಳುವುದು ಕಷ್ಟ. ಆದರೆ ಅವೆರಡೂ ಆಫ್ರಿಕಾ ಮೂಲದವು, ಇಲ್ಲಿಗೆ ಆಮೇಲೆ ಬಂದವು. ಮೊದಲ ಊಟ ಹುರುಳಿ, ಕೊರಲೆ.

ಹುರುಳಿಯ ಗುಣ ನಿಮಗೆ ಗೊತ್ತು. ಬಡ ಮಸಾರಿ ನೆಲದಲ್ಲೂ ಒಂದೆರಡು ಮಳೆಗೆ ಬರುತ್ತದೆ. ಕೊರಲೆ ಇನ್ನೂ ಬೇಗ ಕೊಯ್ಲಿಗೆ ಬರುತ್ತದೆ. ಈಚೆಗೆ ತುಮಕೂರು, ಚಿತ್ರದುರ್ಗದ ಕಡೆ ಸಿರಿಧಾನ್ಯದ ಹೆಸರಲ್ಲಿ ಅದನ್ನು ಮತ್ತೆ ಬೆಳೆಯುತ್ತಿದ್ದಾರೆ. ಸ್ವಲ್ಪ ಕಾಲ ಕಳೆದ ಮೇಲೆ ಕೆಲವು ನೆಲೆಗಳಲ್ಲಿ ಗೋಧಿ, ಬಾರ್ಲಿ ಕಾಣಿಸಿಕೊಳ್ಳುತ್ತವೆ, ಆದರೆ ಸ್ವಲ್ಪವೇ. ಅವು ಚಳಿಗಾಲದ ಬೆಳೆ, ನೀರು ಕಟ್ಟಬೇಕು, ಜಾಸ್ತಿ ಆರೈಕೆ ಬೇಕು. ಹೊಸ ಬೆಳೆ ಕೈಗೆ ಸಿಕ್ಕರೂ ಇವರು ಹುರುಳಿ, ಕೊರಲೆಗಳನ್ನು ಬಿಡಲಿಲ್ಲ. ಆಯ್ಕೆ ಮಾಡಲು ಗೊತ್ತಿದ್ದವರು ಅವರು.

ಈಗ ಹವಾಮಾನಕ್ಕೆ ಬರೋಣ. ಆ ಕಾಲದಲ್ಲಿ ಮಳೆ ಎಷ್ಟಿತ್ತು ಅಂತ ಅಳೆದವರು ಯಾರೂ ಇಲ್ಲ. ಆದರೆ ಕೆಸರಿದೆ. ದಖ್ಖನ್ನಿನ ನೆಲದ ಮೇಲಿನ ಎಲೆ, ಹುಲ್ಲು ಎಲ್ಲವನ್ನೂ ಗೋದಾವರಿ ಕೊಚ್ಚಿಕೊಂಡು ಹೋಗಿ ಬಂಗಾಳ ಕೊಲ್ಲಿಯ ತಳದಲ್ಲಿ ಪದರ ಪದರವಾಗಿ ಇಟ್ಟಿದೆ. ಎಲೆಯ ಮೇಲಿನ ಮೇಣ ಸಾವಿರಾರು ವರ್ಷ ಕೊಳೆಯದೆ ಉಳಿಯುತ್ತದೆ. ಅದರಲ್ಲಿರುವ ಇಂಗಾಲದ ಬಗೆ ನೋಡಿ ಆಗ ಕಾಡಿನ ಮರಗಳು ಜಾಸ್ತಿ ಇದ್ದವೋ, ಒಣ ಹವೆಗೆ ಒಗ್ಗಿದ ಹುಲ್ಲು ಜಾಸ್ತಿ ಇತ್ತೋ ಹೇಳಬಹುದು. ಆ ಕೊಲ್ಲಿಯ ಕೆಸರನ್ನು ಕೊಳವೆಯಲ್ಲಿ ತೆಗೆದು ಓದಿದವರು 2012ರಲ್ಲಿ ಪ್ರಕಟಿಸಿದ ಪ್ರಕಾರ, ಸುಮಾರು 4000 ವರ್ಷದ ಹಿಂದಿನಿಂದ ಒಣ ಹವೆಯ ಗಿಡ, ಹುಲ್ಲು ಹೆಚ್ಚುತ್ತಾ ಬಂದವು. ಸುಮಾರು 1700 ವರ್ಷದ ಹಿಂದಿನವರೆಗೆ ಅದು ಮುಂದುವರಿಯಿತು, ಆಮೇಲೂ ಒಣ ಹವೆಯ ಸಸ್ಯಗಳೇ ಉಳಿದುಕೊಂಡವು. ಮುಂಗಾರು ಸೊರಗುತ್ತಾ ಬಂತು ಅಂತ ಇದರ ಅರ್ಥ.

ಬೂದಿಗುಡ್ಡಗಳ ನವಶಿಲಾಯುಗ ಹೆಚ್ಚುಕಡಿಮೆ ಕ್ರಿ.ಪೂ. 3000ದಿಂದ 1200ರವರೆಗಿನದು. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ನಾಡು ಒಣಗುತ್ತಾ ಬಂದ ಕಾಲದಲ್ಲೇ ಇಲ್ಲಿ ನೆಲೆಗಳು ಹೆಚ್ಚಿವೆ, ಬೆಳೆದಿವೆ. ಒಣಗಿದ್ದರಿಂದಲೇ ಹೆಚ್ಚಿದವು ಅಂತ ನಾನು ಹೇಳುವುದಿಲ್ಲ, ಅಷ್ಟು ಸುಲಭವಾಗಿ ಕಾರಣ ಹಚ್ಚಬಾರದು. ಆದರೆ ದನ ಕಟ್ಟಿಕೊಂಡವನ ಕಣ್ಣಲ್ಲಿ ನೋಡಿ: ದಟ್ಟ ಕಾಡಿಗಿಂತ ಬಯಲು ಹುಲ್ಲುಗಾವಲು ಒಳ್ಳೆಯದು. ಉಣ್ಣೆ, ಜಿಗಣೆ, ಕಾಯಿಲೆ ಕಡಿಮೆ. ಒಣಗಿದ ಹುಲ್ಲು ನಿಂತಲ್ಲೇ ಮೇವಾಗುತ್ತದೆ. ಮಳೆ ಬಂದ ಕಡೆಗೆ ಹೋದರಾಯಿತು, ದನಕ್ಕೆ ಕಾಲಿದೆ. ಮಳೆ ಎಲ್ಲಿ ಬೀಳುತ್ತದೋ ಗೊತ್ತಿಲ್ಲದ ನಾಡಿನಲ್ಲಿ ನಡೆದಾಡುವ ಆಸ್ತಿಗಿಂತ ಭದ್ರವಾದದ್ದು ಯಾವುದು?

ನೆಲೆಗಳು ಎಲ್ಲಿವೆ ನೋಡಿ. ಸಂಗನಕಲ್ಲು, ತೆಕ್ಕಲಕೋಟೆ, ಪಿಕ್ಲಿಹಾಳ, ಮಸ್ಕಿ, ಬ್ರಹ್ಮಗಿರಿ, ಎಲ್ಲವೂ ಕಲ್ಲುಬೆಟ್ಟದ ಮೇಲೆ ಅಥವಾ ಬುಡದಲ್ಲಿ. ಬೋಳು ಬಂಡೆಯ ಮೇಲೆ ಬಿದ್ದ ಮಳೆ ಒಂದು ಹನಿಯೂ ಇಂಗದೆ ಕೆಳಗೆ ಹರಿಯುತ್ತದೆ. ಬುಡದಲ್ಲಿ ತೇವ ನಿಲ್ಲುತ್ತದೆ, ಮಣ್ಣು ಸೇರುತ್ತದೆ, ದೊಣೆಗಳಲ್ಲಿ, ಅಂದರೆ ಬಂಡೆಯ ತಗ್ಗುಗಳಲ್ಲಿ, ನೀರು ಉಳಿಯುತ್ತದೆ. 500 ಮಿಲಿಮೀಟರ್ ಮಳೆಯ ನಾಡಿನಲ್ಲಿ ಬೆಟ್ಟದ ಬುಡದ ಹೊಲಕ್ಕೆ ಅದಕ್ಕಿಂತ ಎಷ್ಟೋ ಜಾಸ್ತಿ ನೀರು ಸಿಗುತ್ತದೆ. ದೂರದಿಂದ ನೋಡಿದವರಿಗೆ ಸುಟ್ಟ ಬಂಡೆಗಳ ರಾಶಿ ಕಾಣುತ್ತದೆ. ಇವರು ಅದರಲ್ಲಿ ನೀರು ಕಂಡರು.

ಸಂಗನಕಲ್ಲಿನ ಸಣ್ಣರಾಚಮ್ಮ ಗುಡ್ಡದಲ್ಲಿ ಕೆಳಗೆ ಬೂದಿಯ ಪದರ, ಅದರ ಮೇಲೆ ಮನೆ ಕಟ್ಟಿ ಬಾಳಿದ ಊರಿನ ಪದರ. ಪಕ್ಕದ ಹಿರೇಗುಡ್ಡದಲ್ಲಿ ಕಪ್ಪು ಡಾಲರೈಟ್ ಕಲ್ಲಿನ ಕೊಡಲಿಗಳನ್ನು ದೊಡ್ಡ ಮಟ್ಟದಲ್ಲಿ ಮಾಡುತ್ತಿದ್ದರು. ಒಡೆದ ಚಕ್ಕೆಗಳು, ಅರ್ಧಕ್ಕೆ ಬಿಟ್ಟ ಕೊಡಲಿಗಳು, ಉಜ್ಜಿ ನಯ ಮಾಡಿದ ಬಂಡೆಯ ಮೇಲಿನ ತಗ್ಗುಗಳು ಅಲ್ಲಿವೆ. ಹತ್ತಿರದ ಕಪ್ಪಗಲ್ಲಿನ ಬಂಡೆಗಳ ಮೇಲೆ ಉದ್ದ ಕೊಂಬಿನ, ಡುಬ್ಬದ ಎತ್ತುಗಳನ್ನು ಕುಟ್ಟಿ ಬಿಡಿಸಿದ್ದಾರೆ. ಅಲ್ಲೇ ಬಡಿದರೆ ಗಂಟೆಯ ಹಾಗೆ ದನಿ ಕೊಡುವ ಕಲ್ಲುಗಳೂ ಇವೆ. 1892ರಲ್ಲೇ ಫಾಸೆಟ್ ಎಂಬಾತ ಇವುಗಳ ಬಗ್ಗೆ ಬರೆದಿದ್ದ. ಬಡಿದು ಬಡಿದು ಆ ಕಲ್ಲುಗಳಲ್ಲಿ ತಗ್ಗು ಬಿದ್ದಿವೆ.

ಮುಂದಿನ ಕಾಲವನ್ನು ಬೇಗ ಹೇಳಿ ಮುಗಿಸುತ್ತೇನೆ. ಕಬ್ಬಿಣ ಯುಗಕ್ಕೆ ಬಂದರೆ ಗಂಗಾವತಿ ಹತ್ತಿರದ ಹಿರೇಬೆಣಕಲ್ಲಿನಲ್ಲಿ ಸತ್ತವರಿಗಾಗಿ ಕಟ್ಟಿದ ನೂರಾರು ಕಲ್ಲುಮನೆಗಳ ನಡುವೆ, ಕಲ್ಲು ತೆಗೆದ ಗುಂಡಿಯೇ ನೀರಿನ ಹೊಂಡವಾಗಿದೆ. ನೀರು ಇದ್ದಲ್ಲಿಗೆ ಹೋಗುವ ಬದುಕಿನ ಜೊತೆಗೆ, ನೀರನ್ನು ಇದ್ದಲ್ಲೇ ಹಿಡಿದಿಡುವ ಬದುಕೂ ಶುರುವಾಗಿದೆ. ಇದೇ ಸೀಮೆಯ ಮಸ್ಕಿ, ಕೊಪ್ಪಳ, ಬ್ರಹ್ಮಗಿರಿಗಳಲ್ಲಿ ಅಶೋಕ ಶಾಸನ ಬರೆಸಿದ. ವಿಜಯನಗರದವರು ತುಂಗಭದ್ರೆಗೆ ಅಣೆ ಕಟ್ಟಿ ಕಾಲುವೆ ತೆಗೆದರು, ಕೆರೆಗಳನ್ನು ಕಟ್ಟಿದರು. ಆ ಕಾಲುವೆಗಳಲ್ಲಿ ಕೆಲವು ಈಗಲೂ ಹರಿಯುತ್ತಿವೆ. ಆದರೂ 1876ರಿಂದ 78ರ ಬರದಲ್ಲಿ ಬಳ್ಳಾರಿ ಜಿಲ್ಲೆ ಕಂಡ ಸಾವು ಭಯಂಕರ. ಬರ ಈ ನೆಲಕ್ಕೆ ಹೊಸದಲ್ಲ. ದನ ಹೊಡೆದುಕೊಂಡು ಹೋಗಲು ಜಾಗವಿಲ್ಲದೆ, ಕಾಳು ಕೊಳ್ಳಲು ಕಾಸಿಲ್ಲದೆ ಜನ ಒಂದೇ ಕಡೆ ಸಿಕ್ಕಿಬಿದ್ದಾಗ ಬರ ಕ್ಷಾಮವಾಗುತ್ತದೆ.

ನಡೆದಾಡುವ ಬದುಕು ಪೂರ್ತಿ ಹೋಗಿಲ್ಲ. 1947ರಲ್ಲಿ ಪುರಾತತ್ವಜ್ಞ ವೀಲರ್ ಅಗೆದ ಬ್ರಹ್ಮಗಿರಿ ಇರುವುದು ಮೊಳಕಾಲ್ಮುರು ತಾಲ್ಲೂಕಿನಲ್ಲಿ. ಅದೇ ಮೊಳಕಾಲ್ಮುರು, ಚಳ್ಳಕೆರೆ ಕಡೆ ಮ್ಯಾಸ ನಾಯಕ ಸಮುದಾಯದವರು ಇವತ್ತಿಗೂ ದೇವರ ಎತ್ತುಗಳನ್ನು ಸಾಕುತ್ತಾರೆ. ಅವನ್ನು ಮಾರುವುದಿಲ್ಲ, ಹೂಡುವುದಿಲ್ಲ. ಅವನ್ನು ಕಾಯುವ ಕಿಲಾರಿಗಳು ಬಯಲಲ್ಲಿ ಮೇಯಿಸುತ್ತಾರೆ. ನವಶಿಲಾಯುಗದಿಂದ ನೇರವಾಗಿ ಬಂದ ಎಳೆ ಇದು ಅಂತ ಹೇಳಲು ನನ್ನ ಹತ್ತಿರ ಆಧಾರವಿಲ್ಲ, ಹೇಳುವುದೂ ಇಲ್ಲ. ಆದರೆ ಒಂದು ದನದ ಹಿಂಡಿಗೆ ಈ ನೆಲದಲ್ಲಿ ಎಷ್ಟು ಬಯಲು ಬೇಕು, ಯಾವ ತಿಂಗಳು ಯಾವ ಕಡೆ ಮೇವು ಸಿಗುತ್ತದೆ ಅನ್ನೋದನ್ನು ಆ ಕಿಲಾರಿಗಳಷ್ಟು ಬಲ್ಲವರು ಯಾವ ವಿಶ್ವವಿದ್ಯಾಲಯದಲ್ಲೂ ಇಲ್ಲ. ಬೂದಿಗುಡ್ಡ ಓದುವವರು ಅವರ ಹತ್ತಿರ ಕೂತು ಕೇಳಬೇಕು.

ಮಾತು ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಕೇಳಿದರು: "ಸರ್, ಕೊನೆಗೆ ಬರಗಾಲದಿಂದಲೇ ಈ ಊರುಗಳು ಹಾಳಾದವಾ?" ಕ್ರಿ.ಪೂ. 1200ರ ಹೊತ್ತಿಗೆ ಸಂಗನಕಲ್ಲಿನಂಥ ಬೆಟ್ಟದ ನೆಲೆಗಳು ಖಾಲಿಯಾದದ್ದು ನಿಜ. ಆದರೆ ಜನ ಹೋದದ್ದೆಲ್ಲ ಸೋತು ಹೋದದ್ದಲ್ಲ. ಬದುಕಿನ ರೀತಿಯೇ ಬದಲಾಗುತ್ತಿತ್ತು, ಸ್ವಲ್ಪ ಕಾಲದಲ್ಲೇ ಕಬ್ಬಿಣ ಬಂತು. ಮಳೆ ಒಂದೇ ಕಾರಣ ಅನ್ನೋ ಉತ್ತರ ಕೇಳಲು ಚೆನ್ನಾಗಿರುತ್ತದೆ. ಆದರೆ ಅದೇ ಮಳೆಯಲ್ಲಿ ಒಂದು ನೆಲೆ ಖಾಲಿಯಾಗಿ ಇನ್ನೊಂದು ಬೆಳೆದಿದ್ದರೆ ಆ ಉತ್ತರ ಸಾಲುವುದಿಲ್ಲ.

ಇನ್ನೊಬ್ಬರು, ರೈತರು, ಕೇಳಿದ್ದು ಹೀಗೆ: "ನಮ್ಮ ಹೊಲದ ಅಂಚಲ್ಲೂ ಇಂಥ ದಿಬ್ಬ ಐತ್ರೀ. ನಮ್ಮಪ್ಪನ ಕಾಲದಿಂದ ಗೊಬ್ಬರಕ್ಕೆ ಅದರ ಬೂದಿ ಒಯ್ತೀವಿ. ತಪ್ಪಾ?" ಅವರು ಅಷ್ಟು ನೇರವಾಗಿ ಕೇಳಿದ್ದು ನನಗೆ ತುಂಬಾ ಹಿಡಿಸಿತು. ಬೂದಿ ಒಯ್ದ ರೈತರ ಮೇಲೆ ನನಗೆ ಸಿಟ್ಟಿಲ್ಲ. ಬುಟ್ಟಿಯಲ್ಲಿ ಹೊತ್ತವರಿಗಿಂತ ಎಷ್ಟೋ ಜಾಸ್ತಿ ಹಾಳು ಮಾಡಿದ್ದು ಜಲ್ಲಿ ಕ್ರಷರು, ಜೆಸಿಬಿ ಮತ್ತು ನಿಧಿ ಹುಡುಕುವವರು. ಕಪ್ಪಗಲ್ಲು, ಸಂಗನಕಲ್ಲು ಬೆಟ್ಟಗಳನ್ನು ಕ್ವಾರಿಗಳು ಕೊರೆದಿರುವುದು ಹೋಗಿ ನೋಡಿದ ಯಾರಿಗೂ ಕಾಣುತ್ತದೆ. ಎರೆ ಭೂಮಿಯಲ್ಲಂತೂ ನೆಲವೇ ಬಿರುಕು ಬಿಟ್ಟು, ಮೇಲಿನದು ಕೆಳಗೆ ಬಿದ್ದು ಪದರ ಕಲೆಸಿಹೋಗುತ್ತದೆ. ಈ ಸೀಮೆಯಲ್ಲಿ ಪದರ ಪದರವಾಗಿ ಉಳಿದಿರುವುದು ಕಡಿಮೆ, ಉಳಿದಿರುವ ಕಡೆಗಳಲ್ಲಿ ಬೂದಿಗುಡ್ಡ ಮುಖ್ಯ. ಅದನ್ನು ಒಂದು ಸಲ ಹರವಿದರೆ ಯಾವ ಹುಲ್ಲು ಯಾವ ಕಾಲದ್ದು ಅಂತ ಮತ್ತೆ ಯಾರೂ ಹೇಳಲಾರರು.

ಅವರಿಗೆ ನಾನು ಹೇಳಿದ್ದು ಇಷ್ಟು. ಈ ವರ್ಷ ಬೂದಿ ತೆಗೆಯುವುದನ್ನು ನಿಲ್ಲಿಸಿ. ಈಗಾಗಲೇ ಕಡಿದಿರುವ ಮಗ್ಗುಲನ್ನು ಮುಚ್ಚಬೇಡಿ, ಪದರಗಳು ಕಾಣುವುದು ಅಲ್ಲೇ. ಅದರ ಪಕ್ಕ ಒಬ್ಬರನ್ನು ನಿಲ್ಲಿಸಿ ಮೊಬೈಲಲ್ಲಿ ಫೋಟೋ ತೆಗೆಯಿರಿ, ಎತ್ತರ ಗೊತ್ತಾಗುತ್ತದೆ. ಗೊರಸಿನ ಗುರುತು, ಕಲ್ಲುಕೊಡಲಿ, ಮಡಕೆ ಚೂರು ಕಂಡರೆ ಎತ್ತದೆ ಅಲ್ಲೇ ಬಿಟ್ಟು ಅದರದ್ದೂ ಫೋಟೋ ತೆಗೆಯಿರಿ. ಆಮೇಲೆ ಪುರಾತತ್ವ ಇಲಾಖೆಗೆ ಒಂದು ಅರ್ಜಿ ಬರೆಯಿರಿ, ಸರ್ವೆ ನಂಬರ್ ಹಾಕಿ. ಬಳ್ಳಾರಿಯಲ್ಲಿ ಬ್ರೂಸ್ ಫೂಟ್ ಹೆಸರಿನ ಸಂಗನಕಲ್ಲು ವಸ್ತುಸಂಗ್ರಹಾಲಯ ಇದೆ, ಅಲ್ಲಿಗೂ ಒಂದು ಸಲ ಹೋಗಿ ಬನ್ನಿ, ನಿಮ್ಮ ಹೊಲದ್ದೇ ಕಾಲದ ಕೊಡಲಿಗಳು ಅಲ್ಲಿವೆ. ಅರ್ಜಿ ಬರೆಯಲು ಸಹಾಯ ಬೇಕಾದರೆ ಈ ಕಾಲೇಜಿನ ಮಕ್ಕಳಿದ್ದಾರೆ ಅಂದೆ. ಅಲ್ಲೇ ಇಬ್ಬರು ಹುಡುಗರು ಎದ್ದು ಅವರ ಊರು, ಫೋನ್ ನಂಬರ್ ಬರೆದುಕೊಂಡರು.